ಮುರಿದ ಸ್ಟಡ್ಡು ಮತ್ತು ಕರ್ತೃತ್ವದ ಪ್ರಶ್ನೆ

ಎಂಜಿನ್ ಬಿಚ್ಚುವಾಗ ಸ್ಟಡ್ಡೊಂದು ತುಂಡಾದರೆ, ಆ ಹೊತ್ತಿನಲ್ಲಿ ಸ್ಪ್ಯಾನರು ಯಾರ ಕೈಯಲ್ಲಿತ್ತೋ ಅವನೇ ಅದನ್ನು ಮುರಿದನೆಂದು ಹೇಳುವುದು ಲೋಕರೂಢಿ. ಗ್ಯಾರೇಜಿನ ಮಾಲೀಕ ಹಾಗೆಯೇ ಹೇಳುತ್ತಾನೆ, ಗಾಡಿಯ ಒಡೆಯ ಹಾಗೆಯೇ ತಿಳಿಯುತ್ತಾನೆ, ಮುರಿದವನೂ ಬಹುಮಟ್ಟಿಗೆ ಹಾಗೆಯೇ ನಂಬಿ ಕುಗ್ಗುತ್ತಾನೆ. ಕರ್ತೃತ್ವವನ್ನು, ಅಂದರೆ ಒಂದು ಕ್ರಿಯೆಯನ್ನು ಮಾಡಿದವನೆನ್ನಿಸಿಕೊಳ್ಳುವ ಸ್ಥಿತಿಯನ್ನು, ಕುರಿತು ಭಾರತೀಯ ದರ್ಶನಗಳಲ್ಲಿ ನಡೆದಿರುವ ದೀರ್ಘ ಚರ್ಚೆಯಾದರೋ ಈ ರೂಢಿಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆ ಚರ್ಚೆಯ ಉದಾಹರಣೆಗಳು ಸಾಮಾನ್ಯವಾಗಿ ಮಡಕೆ ಮಾಡುವ ಕುಂಬಾರನಿಂದ, ಬಟ್ಟೆ ನೇಯುವ ನೇಕಾರನಿಂದ, ಯುದ್ಧಕ್ಕೆ ನಿಂತ ಕ್ಷತ್ರಿಯನಿಂದ ಬಂದವು. ಅವುಗಳ ಸಾಲಿಗೆ ಮುರಿದ ಸ್ಟಡ್ಡನ್ನು ಸೇರಿಸುವುದಕ್ಕೆ ತಕ್ಕ ಕಾರಣವಿದೆ. ಮಡಕೆ ಸಿದ್ಧವಾದ ಮೇಲೆ ಅದರ ಕಾರಣಗಳು ಬಹುಪಾಲು ಚದುರಿಹೋಗುತ್ತವೆ, ಆದರೆ ಸ್ಟಡ್ಡು ಮುರಿದಾಗ ಅದರ ಮುರಿವಿಗೆ ಪಾಲು ಕೊಟ್ಟ ಕೈಗಳ ಗುರುತು, ವರ್ಷಗಳ ಹಿಂದಿನವೂ ಸೇರಿದಂತೆ, ಲೋಹದ ಮೈಯಲ್ಲಿ ಉಳಿದಿರುತ್ತದೆಯಾದ್ದರಿಂದ, ಕರ್ತೃ ಯಾರೆಂಬ ವಾದವನ್ನು ಇಲ್ಲಿ ಒಂದು ಮಟ್ಟಿಗೆ ಕಣ್ಣಿನಿಂದಲೇ ಪರೀಕ್ಷಿಸಬಹುದು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಬೋಲ್ಟಿಗೆ ಒಂದು ತುದಿಯಲ್ಲಿ ತಲೆಯಿರುತ್ತದೆ. ಸ್ಟಡ್ಡಿಗೆ ತಲೆಯಿಲ್ಲ, ಎರಡು ತುದಿಯಲ್ಲೂ ಥ್ರೆಡ್ಡು, ಅಂದರೆ ಸುರುಳಿಯಾಗಿ ಕೊರೆದ ತಿರುಪುಗೆರೆ, ಇರುತ್ತದೆ. ಒಂದು ತುದಿ ಎಂಜಿನ್ನಿನ ಮೈಯೊಳಗೆ ಕಾಯಂ ಆಗಿ ಕೂರುತ್ತದೆ, ಇನ್ನೊಂದು ತುದಿಗೆ ನಟ್ಟು ಹಾಕಿ ಬಿಗಿಯುತ್ತಾರೆ. ಬಿಗಿಯುವುದೆಂದರೆ ಉಕ್ಕಿನ ಆ ಕಡ್ಡಿಯನ್ನು ಕಣ್ಣಿಗೆ ಕಾಣದಷ್ಟು ಹಿಗ್ಗಿಸುವುದು. ಹಿಗ್ಗಿದ ಉಕ್ಕು ತನ್ನ ಮೊದಲಿನ ಉದ್ದಕ್ಕೆ ಮರಳಲು ಹವಣಿಸುತ್ತಲೇ ಇರುವುದರಿಂದ ಎರಡು ಭಾಗಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. 8 ಮಿಲಿಮೀಟರ್ ವ್ಯಾಸದ ಸಾಮಾನ್ಯ ಸ್ಟಡ್ಡೊಂದು ಸರಿಯಾಗಿ ಬಿಗಿಗೊಂಡಾಗ ಸುಮಾರು ಒಂದೂವರೆ ಟನ್ ತೂಕದಷ್ಟು ಬಲದಿಂದ ಹಿಡಿದಿರುತ್ತದೆ. ವೈಶೇಷಿಕ ದರ್ಶನ ಈ ಗುಣವನ್ನು ಸ್ಥಿತಿಸ್ಥಾಪಕವೆಂದು ಕರೆದು, ಬಗ್ಗಿಸಿದ ಬಿಲ್ಲು ಮತ್ತು ಕೊಂಬೆ ಮೊದಲಿನ ಸ್ಥಿತಿಗೆ ಮರಳುವುದನ್ನು ಅದಕ್ಕೆ ನಿದರ್ಶನವಾಗಿ ಕೊಡುತ್ತದೆ. ಆ ದರ್ಶನದಲ್ಲಿ ಸಂಸ್ಕಾರವೆಂಬ ಗುಣಕ್ಕೆ ಮೂರು ಪ್ರಭೇದಗಳಿದ್ದು, ವಸ್ತುವಿನ ವೇಗ, ಆತ್ಮದಲ್ಲಿ ಅನುಭವ ಉಳಿಸಿಹೋಗುವ ಭಾವನೆ, ಮತ್ತು ಈ ಸ್ಥಿತಿಸ್ಥಾಪಕ ಮೂರನ್ನೂ ಒಂದೇ ವರ್ಗದಲ್ಲಿ ಇಟ್ಟಿರುವುದು ಗಮನಾರ್ಹ. ಮನಸ್ಸಿನ ನೆನಪನ್ನೂ ಲೋಹದ ಹಿಗ್ಗನ್ನೂ ಒಂದೇ ಮನೆಯಲ್ಲಿ ಕೂಡಿಸಿದ ಪ್ರಾಚೀನರ ವರ್ಗೀಕರಣ ಆಧುನಿಕ ಓದುಗನಿಗೆ ವಿಚಿತ್ರವೆನ್ನಿಸಬಹುದು, ಆದರೆ ಮಿತಿ ಮೀರಿ ಹಿಗ್ಗಿಸಲ್ಪಟ್ಟ ಸ್ಟಡ್ಡು ಆ ಪೆಟ್ಟನ್ನು ಮರೆಯದೆ ಇಟ್ಟುಕೊಳ್ಳುವ ರೀತಿಯನ್ನು ಬಲ್ಲವರಿಗೆ ಅದು ಅಷ್ಟು ವಿಚಿತ್ರವೆನ್ನಿಸುವುದಿಲ್ಲ.

ಬಿಗಿಯುವ ಕೈಗೆ ತಾನು ಎಷ್ಟು ಹಿಗ್ಗಿಸುತ್ತಿದ್ದೇನೆಂಬುದು ನೇರವಾಗಿ ತಿಳಿಯುವುದಿಲ್ಲವೆಂಬುದು ಇಲ್ಲಿನ ಮೊದಲ ತೊಡಕು. ಟಾರ್ಕ್ ರೆಂಚ್, ಅಂದರೆ ತಿರುಗಿಸುವ ಬಲವನ್ನು ಅಳೆದು ತೋರಿಸುವ ಸ್ಪ್ಯಾನರು, ಬಳಸಿದರೂ ಆ ಬಲದಲ್ಲಿ ಸುಮಾರು ಅರ್ಧ ಭಾಗ ನಟ್ಟಿನ ಅಡಿಯ ಘರ್ಷಣೆಗೂ, ಸುಮಾರು ಶೇಕಡ 40 ಭಾಗ ಥ್ರೆಡ್ಡಿನ ಘರ್ಷಣೆಗೂ ಖರ್ಚಾಗಿ, ಸ್ಟಡ್ಡನ್ನು ಹಿಗ್ಗಿಸಲು ಉಳಿಯುವುದು ಶೇಕಡ 10ರ ಆಸುಪಾಸು ಮಾತ್ರ. ಹೀಗಿರುವಾಗ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ, ಸಾಲದೆಂಬ ಭಯಕ್ಕೆ ಇನ್ನೊಂದು ಸುತ್ತು ಬಿಗಿಯುವವನು ಏನು ಮಾಡಿದನೆಂಬುದು ಅವನಿಗೇ ಗೊತ್ತಿರುವುದಿಲ್ಲ; ಫಲ ಕಾಣಿಸಿಕೊಳ್ಳುವುದು ವರ್ಷಗಳ ಮೇಲೆ, ಬೇರೊಬ್ಬನ ಕೈಯಲ್ಲಿ.

ಮುರಿಯುವುದರಲ್ಲಿ ಅಗ್ರಸ್ಥಾನ ಎಕ್ಸಾಸ್ಟ್ ಸ್ಟಡ್ಡುಗಳದು. ಸುಟ್ಟ ಅನಿಲವನ್ನು ಹೊರಗೊಯ್ಯುವ ಕೊಳವೆಯನ್ನು ಸಿಲಿಂಡರ್ ಹೆಡ್ಡಿಗೆ, ಅಂದರೆ ಎಂಜಿನ್ನಿನ ಮೇಲುಮುಚ್ಚಳದಂಥ ಭಾಗಕ್ಕೆ, ಹಿಡಿದಿಡುವ ಇವು ಪ್ರತಿ ಓಟದಲ್ಲೂ ಕೆಂಡದಂತೆ ಕಾದು ಪ್ರತಿ ನಿಲುಗಡೆಯಲ್ಲೂ ತಣಿಯುತ್ತವೆ. ಮಳೆನೀರು ಸಿಡಿದು ತುಕ್ಕು ಹಿಡಿಯುತ್ತದೆ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್ಡುಗಳ ನಡುವಿನ ಸಂದಿನಲ್ಲಿ ಬಿಗಿದುಕೊಳ್ಳುತ್ತದೆ. ಹೆಡ್ಡು ಅಲ್ಯೂಮಿನಿಯಂ ಆಗಿದ್ದು ಸ್ಟಡ್ಡು ಉಕ್ಕಿನದಾಗಿದ್ದರೆ ಎರಡು ಭಿನ್ನ ಲೋಹಗಳ ನಡುವೆ ತೇವ ಸೇರಿ ಬ್ಯಾಟರಿಯೊಳಗೆ ನಡೆಯುವಂಥ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಸ್ಟಡ್ಡನ್ನು ಸುತ್ತಿಕೊಳ್ಳುತ್ತದೆ. ಹೀಗೆ ಹಿಡಿದ ನಟ್ಟನ್ನು ತಿರುಗಿಸಿದಾಗ, ನಟ್ಟು ಸಡಿಲವಾಗುವ ಬದಲು ಸ್ಟಡ್ಡೇ ತಿರುಚಿಕೊಂಡು, ಎಷ್ಟೋ ಸಲ ಹೆಡ್ಡಿನ ಮಟ್ಟಕ್ಕೆ ಸಮನಾಗಿ, ತುಂಡಾಗುತ್ತದೆ.

ಈ ಘಟನೆಗೆ ಕರ್ತೃ ಯಾರು? ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ 14ನೆಯ ಶ್ಲೋಕ ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಎಣಿಸುತ್ತದೆ: ಕ್ರಿಯೆ ನಡೆಯುವ ನೆಲೆಯಾದ ಅಧಿಷ್ಠಾನ, ಕರ್ತೃ, ಉಪಕರಣಗಳಾದ ಕರಣ, ಬಗೆಬಗೆಯ ಚೇಷ್ಟೆ ಅಂದರೆ ಚಲನೆಗಳು, ಐದನೆಯದಾಗಿ ದೈವ. ಎರಡು ಶ್ಲೋಕಗಳ ಬಳಿಕ, ಇಷ್ಟಿದ್ದೂ ಆತ್ಮವೊಂದನ್ನೇ ಕರ್ತೃವೆಂದು ಕಾಣುವವನನ್ನು ತಿಳಿಗೇಡಿಯೆಂದು ಕಟುವಾಗಿಯೇ ಹೇಳುತ್ತದೆ. ಭಾಷ್ಯಕಾರರು ಇದನ್ನು ಒಂದೇ ರೀತಿ ಓದಿಲ್ಲ. ಶಂಕರರ ಪ್ರಕಾರ ಕರ್ತೃತ್ವವೆಲ್ಲ ದೇಹ, ಇಂದ್ರಿಯ ಮೊದಲಾದ ಈ ಐದರ ಕೂಟದ್ದು; ಶುದ್ಧ ಆತ್ಮ ಏನನ್ನೂ ಮಾಡುವುದಿಲ್ಲ, ಮಾಡುತ್ತೇನೆಂಬ ಅಭಿಮಾನ ಅವಿದ್ಯೆಯ ಕೆಲಸ. ರಾಮಾನುಜರ ಪ್ರಕಾರ ಜೀವಾತ್ಮ ನಿಜವಾಗಿಯೂ ಕರ್ತೃವೇ, ಆದರೆ ಒಬ್ಬಂಟಿ ಕರ್ತೃವಲ್ಲ. ಐದನೆಯದಾದ ದೈವ ಅಂತರ್ಯಾಮಿಯಾದ ಪರಮಾತ್ಮ. ಮಧ್ವರ ಪಕ್ಷದಲ್ಲಿ ಸ್ವತಂತ್ರ ಕರ್ತೃ ವಿಷ್ಣುವೊಬ್ಬನೇ, ಜೀವನ ಕರ್ತೃತ್ವ ಅವನಿಗೆ ಅಧೀನವಾದದ್ದು. ಮೂವರೂ ಭಿನ್ನ ದಾರಿ ಹಿಡಿದಿದ್ದರೂ, ಕೊನೆಯಲ್ಲಿ ಚಲಿಸಿದ ಕೈಯನ್ನು ಹಿಡಿದು ಇದೇ ಎಲ್ಲವನ್ನೂ ಮಾಡಿತೆಂದು ಹೇಳುವ ರೂಢಿಯನ್ನು ತಿರಸ್ಕರಿಸುವುದರಲ್ಲಿ ಅವರಲ್ಲಿ ಭೇದವಿಲ್ಲ.

ಮುರಿದ ಸ್ಟಡ್ಡು ಈ ಎಣಿಕೆಯನ್ನು ಅಕ್ಷರಶಃ ತೆರೆದು ತೋರಿಸುತ್ತದೆ. ತುಂಡಾದ ಮುಖವನ್ನು ಬೆಳಕಿಗೆ ಹಿಡಿದರೆ ಅನುಭವಿಗೆ ಕಾಣುವ ಸಂಗತಿಗಳು ಹಲವು. ಮುಖದ ಒಂದು ಭಾಗ ಮಸಿ ಮತ್ತು ತುಕ್ಕಿನಿಂದ ಕಪ್ಪಗಿದ್ದು ಉಳಿದ ಭಾಗ ಹೊಸ ಬೂದುಬಣ್ಣದಿಂದ ಹೊಳೆಯುತ್ತಿದ್ದರೆ, ಕಪ್ಪು ಭಾಗ ಹಿಂದೆಂದೋ ಬಿರಿದದ್ದು, ಹೊಳೆಯುವ ಭಾಗವಷ್ಟೇ ಇಂದು ಮುರಿದದ್ದು. ಒಂದರ ಹಿಂದೊಂದು ಬಿದ್ದ ಕಮಾನಿನಂಥ ಗೆರೆಗಳಿದ್ದರೆ ಬಿರುಕು ಎಂಜಿನ್ನಿನ ಓಟದ ಮಿಡಿತಕ್ಕೆ ಹಂತಹಂತವಾಗಿ ಮುಂದುವರಿದು ಬಂದಿದೆ; ಇದನ್ನು ಲೋಹದ ದಣಿವೆಂದು ಕರೆಯುತ್ತಾರೆ. ಮುರಿವಿನ ಬಳಿ ಸ್ಟಡ್ಡಿನ ಕತ್ತು ಸಣ್ಣಗಾಗಿದ್ದರೆ ಅದನ್ನು ಮಿತಿ ಮೀರಿ ಹಿಗ್ಗಿಸಲಾಗಿದೆ. ಮುಖ ಚಪ್ಪಟೆಯಾಗಿದ್ದು ಸುಳಿಯ ಗುರುತು ಮಾತ್ರ ಇದ್ದರೆ, ಬೇರಾವ ದೋಷವೂ ಇಲ್ಲದ ಉಕ್ಕನ್ನು ಈಗಿನ ಕೈ ತಿರುಚಿ ಮುರಿದಿದೆ. ಕರ್ತೃತ್ವ ಎಷ್ಟು ಪಾಲಾಗಿ ಯಾರುಯಾರಿಗೆ ಹಂಚಿಹೋಗಿದೆ ಎಂಬುದರ ದಾಖಲೆ ಇಷ್ಟು ಸ್ಪಷ್ಟವಾಗಿ ದೊರೆಯುವ ಮಾನವ ಕ್ರಿಯೆಗಳು ಹೆಚ್ಚಿಲ್ಲ.

ಈ ದಾಖಲೆಯನ್ನು ಓದದೆ ಎಲ್ಲವನ್ನೂ ಐದನೆಯ ಕಾರಣದ ತಲೆಗೆ ಕಟ್ಟುವ ಪ್ರವೃತ್ತಿಯೂ ಇದೆ. ಹಣೆಬರಹ, ಗ್ರಹಚಾರ, ಗಾಡಿಯ ದೆಸೆ ಎಂಬ ಮಾತುಗಳು ಗ್ಯಾರೇಜಿನಲ್ಲಿ ಅಪರೂಪವಲ್ಲ. ವೈಶೇಷಿಕರು ಸೂಜಿ ಅಯಸ್ಕಾಂತದತ್ತ ಸರಿಯುವುದಕ್ಕೆ ಅದೃಷ್ಟವನ್ನು, ಅಂದರೆ ಕಾಣದ ಕಾರಣವನ್ನು, ಹೇಳಿದ್ದು ನಿಜ. ಆದರೆ ಕಾಣುವ ಕಾರಣ ಸಾಕಾಗುವಲ್ಲಿ ಕಾಣದ ಕಾರಣವನ್ನು ಕಲ್ಪಿಸುವುದು ಅನ್ಯಾಯವೆಂಬ ನಿಯಮವನ್ನೂ ಇದೇ ಶಾಸ್ತ್ರಪರಂಪರೆ ಇಟ್ಟುಕೊಂಡಿದೆ. ತುಂಡಾದ ಮುಖವನ್ನು ನೋಡುವ ಮೊದಲೇ ದೈವವನ್ನು ಕರೆಯುವುದು ಭಕ್ತಿಯೂ ಅಲ್ಲ, ವಿವೇಕವೂ ಅಲ್ಲ, ಅದು ಸೋಮಾರಿತನ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ, ಅದು ಹಗುರವಾದದ್ದಲ್ಲ. ಕರ್ತೃತ್ವವನ್ನು ಹೀಗೆ ಹಂಚುತ್ತ ಹೋದರೆ ಕೊನೆಗೆ ಯಾರ ಮೇಲೂ ಏನೂ ಉಳಿಯುವುದಿಲ್ಲ, ತುಕ್ಕು ಮಾಡಿತು, ಹಿಂದಿನವನು ಮಾಡಿದ, ಕಾರ್ಖಾನೆ ಮಾಡಿತು ಎಂದು ಕೈ ತೊಳೆದುಕೊಳ್ಳಬಹುದು ಎಂಬುದೇ ಆ ಆಕ್ಷೇಪ. ಇದನ್ನು ಪ್ರಾಚೀನರೂ ಎದುರಿಸಿದ್ದರು, ಏಕೆಂದರೆ ಎಲ್ಲವೂ ಈಶ್ವರನ ಪ್ರೇರಣೆಯಾದರೆ ಮಾಡು ಎನ್ನುವ ವಿಧಿಗೂ ಮಾಡಬೇಡ ಎನ್ನುವ ನಿಷೇಧಕ್ಕೂ ಅರ್ಥವಿರುವುದಿಲ್ಲ. ಬ್ರಹ್ಮಸೂತ್ರಗಳ ಉತ್ತರವೆಂದರೆ ಈಶ್ವರ ಜೀವನು ಮಾಡಿದ ಪ್ರಯತ್ನವನ್ನು ಅನುಸರಿಸಿಯೇ ಪ್ರೇರೇಪಿಸುತ್ತಾನೆ ಎಂಬುದು. ಆ ಸೂತ್ರಗಳಿಗೆ ಬರೆದ ಶ್ರೀಭಾಷ್ಯದಲ್ಲಿ ರಾಮಾನುಜರು ಇದಕ್ಕೆ ವ್ಯವಹಾರದ ದೃಷ್ಟಾಂತವೊಂದನ್ನು ಕೊಡುತ್ತಾರೆ: ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬನು ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಅನುಮತಿ ಬೇಕೇ ಬೇಕು, ಆದರೂ ಕೊಡಲು ಹೊರಟವನು ಮೊದಲನೆಯವನಾದ್ದರಿಂದ ಅದರ ಫಲ ಅವನಿಗೇ ಸಲ್ಲುತ್ತದೆ. ಕ್ರಿಯೆ ನಡೆಯುವುದಕ್ಕೆ ಇಬ್ಬರೂ ಬೇಕು, ಫಲದ ಹೊಣೆ ಮಾತ್ರ ಒಬ್ಬನದು ಎಂಬ ಈ ವಿಂಗಡಣೆ ಇಲ್ಲಿನ ಪ್ರಶ್ನೆಗೆ ಬಹಳ ಉಪಯುಕ್ತವಾದದ್ದು. ಸ್ಟಡ್ಡಿನ ಮುರಿವಿಗೆ ಕಾರಣರಾದವರು ಹಲವರು. ಅದನ್ನು ತೆಗೆಯುವ ಹೊಣೆ ಈಗ ಅದರ ಮುಂದೆ ನಿಂತವನೊಬ್ಬನದೇ, ಅವನ ಪಾಲಿನ ಕಾರಣತ್ವ ನೂರರಲ್ಲಿ ಒಂದಾಗಿದ್ದರೂ ಹೊಣೆ ನೂರಕ್ಕೆ ನೂರು. ಕಾರಣವನ್ನು ಪಾಲು ಮಾಡಿದಂತೆ ಹೊಣೆಯನ್ನು ಪಾಲು ಮಾಡಲು ಬರುವುದಿಲ್ಲವೆಂಬುದನ್ನು ಗಮನಿಸದೆ ಹೋದದ್ದೇ ಕರ್ಮವಿಚಾರದ ಅನೇಕ ಜನಪ್ರಿಯ ವ್ಯಾಖ್ಯಾನಗಳ ದೋಷ.

ತೆಗೆಯುವ ಕ್ರಮದಲ್ಲಿ ಈ ಮಾತಿನ ಅರ್ಥ ಇನ್ನೂ ಬಿಗಿಯಾಗುತ್ತದೆ. ಸ್ಟಡ್ಡಿನ ತುಣುಕು ಸ್ವಲ್ಪವಾದರೂ ಹೊರಗೆ ಚಾಚಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಇಡೀ ದಿನವಾದರೂ ಕಾದು, ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ತಿರುಗಿಸುತ್ತ ಬಿಡಿಸಬಹುದು. ಶಾಖ ಕೊಡುವುದು ಇನ್ನೊಂದು ಉಪಾಯ: ಅಲ್ಯೂಮಿನಿಯಂ ಶಾಖಕ್ಕೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, 8 ಮಿಲಿಮೀಟರಿನ ರಂಧ್ರ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ 0.018 ಮಿಲಿಮೀಟರ್ ಹಿಗ್ಗುವಾಗ ಒಳಗಿನ ಸ್ಟಡ್ಡು 0.01 ಮಿಲಿಮೀಟರಿನಷ್ಟೇ ಹಿಗ್ಗುತ್ತದೆ. ಎಷ್ಟೋ ಸಲ ಅಷ್ಟು ಸಡಿಲವೇ ಸಾಕಾಗುತ್ತದೆ. ಮಟ್ಟಕ್ಕೆ ಮುರಿದಿದ್ದರೆ ಅದರ ಮೇಲೆ ನಟ್ಟೊಂದನ್ನಿಟ್ಟು ಒಳಗಿನಿಂದ ವೆಲ್ಡ್ ಮಾಡುತ್ತಾರೆ. ಉಕ್ಕಿನ ವೆಲ್ಡು ಅಲ್ಯೂಮಿನಿಯಂಗೆ ಅಂಟಿಕೊಳ್ಳದೆ ಸ್ಟಡ್ಡಿಗೆ ಮಾತ್ರ ಅಂಟುವುದರಿಂದ, ಹಿಡಿಯಲು ಹೊಸ ತಲೆಯೂ ತುಕ್ಕನ್ನು ಒಡೆಯುವ ಶಾಖವೂ ಒಂದೇ ಏಟಿಗೆ ದೊರೆಯುತ್ತವೆ. ಇದೂ ಫಲಿಸದಿದ್ದರೆ ಕೊರೆಯಬೇಕು. ಮುರಿದ ಮುಖ ಏರುತಗ್ಗಾಗಿದ್ದು ಉಕ್ಕು ಗಡಸಾಗಿಯೂ ಸುತ್ತಲಿನ ಅಲ್ಯೂಮಿನಿಯಂ ಮೆದುವಾಗಿಯೂ ಇರುವುದರಿಂದ ಡ್ರಿಲ್ ಬಿಟ್ಟು ಮೆದುವಿನ ಕಡೆಗೇ ಜಾರುತ್ತದೆ. ಆದ್ದರಿಂದ ಮೊದಲು ಮುಖವನ್ನು ಸಮಮಾಡಿ, ನಡುವಿಗೆ ಸರಿಯಾಗಿ ಪಂಚ್ ಹೊಡೆದು, ಸಣ್ಣ ಬಿಟ್ಟಿನಿಂದ ಆರಂಭಿಸಬೇಕು. ಎಡಕ್ಕೆ ತಿರುಗುವ ಬಿಟ್ಟು ಬಳಸಿದರೆ ಕೊರೆಯುವ ಬಲವೇ ಕೆಲವೊಮ್ಮೆ ತುಣುಕನ್ನು ಬಿಚ್ಚಿ ಹೊರಗೆ ತರುತ್ತದೆ.

ಕೊನೆಯ ಉಪಕರಣ ಎಕ್ಸ್‌ಟ್ರಾಕ್ಟರ್, ಅಂದರೆ ಕೊರೆದ ರಂಧ್ರಕ್ಕೆ ಹೊಗಿಸಿ ಎಡಕ್ಕೆ ತಿರುಗಿಸಿದಷ್ಟೂ ಕಚ್ಚಿಕೊಳ್ಳುವ, ತುದಿ ಸಣ್ಣಗಾಗುತ್ತ ಹೋಗುವ ಗಡಸು ಉಕ್ಕಿನ ಕಡ್ಡಿ. ಇದರ ಸ್ವಭಾವದಲ್ಲೇ ಒಂದು ಕೇಡಿದೆ: ಕಚ್ಚಿಕೊಳ್ಳುವಾಗ ಸ್ಟಡ್ಡಿನ ಗೋಡೆಯನ್ನು ಹೊರಕ್ಕೆ ತಳ್ಳಿ, ಬಿಡಿಸಬೇಕಾದದ್ದನ್ನು ಇನ್ನಷ್ಟು ಬಿಗಿಮಾಡುತ್ತದೆ. ಅತಿ ಗಡಸಾಗಿರುವ ಕಾರಣ ಅದಕ್ಕೆ ಬಾಗುವುದು ಗೊತ್ತಿಲ್ಲ, ಮುರಿಯುವುದಷ್ಟೇ ಗೊತ್ತು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟು ಅದರ ಮೇಲೆ ಗೀರೂ ಎಬ್ಬಿಸಲಾರದು. ಇಲ್ಲಿ ಮೊದಲ ಮುರಿವಿಗೂ ಎರಡನೆಯ ಮುರಿವಿಗೂ ಇರುವ ನೈತಿಕ ಅಂತರ ಸ್ಪಷ್ಟವಾಗುತ್ತದೆ. ಸ್ಟಡ್ಡಿನ ಮುರಿವಿನಲ್ಲಿ ತುಕ್ಕು, ಹಿಂದಿನ ಕೈ, ಶಾಖ, ಕಾಲ ಎಲ್ಲವೂ ಪಾಲುದಾರರು. ಎಕ್ಸ್‌ಟ್ರಾಕ್ಟರಿನ ಮುರಿವಿನಲ್ಲಿ ಪಾಲುದಾರರು ಬಹುತೇಕ ಇಲ್ಲ, ಏಕೆಂದರೆ ಅದನ್ನು ಮುರಿಯುವುದು ಸಾಮಾನ್ಯವಾಗಿ ಅವಸರ, ಅವಮಾನ, ಮೊದಲ ಮುರಿವಿನಿಂದ ಕೆರಳಿದ ಸಿಟ್ಟು. ಗೀತೆ ಹೇಳುವ ತಿಳಿಗೇಡಿ ಇಲ್ಲಿ ವಿಚಿತ್ರ ರೀತಿಯಲ್ಲಿ ನಿಜವಾಗುತ್ತಾನೆ: ತಾನೊಬ್ಬನೇ ಮುರಿದೆನೆಂದು ಸುಳ್ಳಾಗಿ ನಂಬಿದವನು, ಆ ನಂಬಿಕೆಯ ಉರಿಯಲ್ಲೇ, ಎರಡನೆಯ ಸಲ ನಿಜವಾಗಿಯೂ ತಾನೊಬ್ಬನೇ ಮುರಿಯುತ್ತಾನೆ. ಕರ್ತೃತ್ವದ ವಿಚಾರ ಕೇವಲ ತತ್ತ್ವಜಿಜ್ಞಾಸುಗಳ ಕಾಲಕ್ಷೇಪವಲ್ಲವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಇಂಥ ಮುರಿದ ಗಡಸು ಉಕ್ಕನ್ನು ತೆಗೆಯಲು ಲೇತ್ ಕೆಲಸದವರ ಬಳಿಗೆ ಒಯ್ದು ವಿದ್ಯುತ್ ಕಿಡಿಯಿಂದ ಕೊರೆಸುವುದುಂಟು. ಈ ವಿಧಾನದ ಚರಿತ್ರೆಯೇ ಪ್ರಸ್ತುತ ವಿಷಯಕ್ಕೊಂದು ಅಡಿಟಿಪ್ಪಣಿಯಂತಿದೆ. ಸೋವಿಯತ್ ಒಕ್ಕೂಟದ ಬೋರಿಸ್ ಲಜರೆಂಕೊ ಮತ್ತು ನತಾಲ್ಯ ಲಜರೆಂಕೊ ವಿದ್ಯುತ್ ಸಂಪರ್ಕಬಿಂದುಗಳ ನಡುವೆ ಕಿಡಿ ಹಾರಿ ಲೋಹ ಸವೆಯುವುದನ್ನು ತಡೆಯಲು ಹೊರಟು, ಆ ಸವೆತವನ್ನೇ ಹತೋಟಿಗೆ ತಂದರೆ ಲೋಹವನ್ನು ಕೊರೆಯಬಹುದೆಂದು 1943ರಲ್ಲಿ ಕಂಡುಕೊಂಡರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಅಲ್ಯೂಮಿನಿಯಂ ಎರಕಗಳೊಳಗೆ ಮುರಿದುಕೊಂಡ ಡ್ರಿಲ್ಲು ಮತ್ತು ಥ್ರೆಡ್ಡು ಕೊರೆಯುವ ಟ್ಯಾಪುಗಳನ್ನು ತೆಗೆಯುವುದಕ್ಕಾಗಿಯೇ ಇಂಥ ಯಂತ್ರ ರೂಪುಗೊಂಡಿತು. ಇಂದು ಅಚ್ಚು ತಯಾರಿಕೆಯ ದೊಡ್ಡ ಉದ್ಯಮವನ್ನು ನಡೆಸುತ್ತಿರುವ ತಂತ್ರಜ್ಞಾನದ ಒಂದು ಬೇರು ಹೀಗೆ ಮುರಿದ ತುಣುಕೊಂದರಲ್ಲಿದೆ.

ಪಾಶ್ಚಾತ್ಯ ಚಿಂತನೆಯಲ್ಲಿ ದುರಸ್ತಿಯ ತತ್ತ್ವಕ್ಕೆ ಹೆಸರಾದ ರಾಬರ್ಟ್ ಪಿರ್ಸಿಗ್‌ರ 1974ರ ಮೋಟಾರ್‌ಸೈಕಲ್ ಕೃತಿ ಕೂಡ ಬಿಚ್ಚಲಾಗದೆ ನಿಂತ ಸ್ಕ್ರೂ ಒಂದನ್ನು ಎತ್ತಿಕೊಂಡು, ಆ ನಿಲುಗಡೆಯನ್ನೇ ನಿಜವಾದ ತಿಳಿವಿನ ಹೊಸ್ತಿಲೆಂದು ವರ್ಣಿಸುತ್ತದೆ. ಆ ವರ್ಣನೆ ಸೊಗಸಾದದ್ದು, ಆದರೆ ಪಿರ್ಸಿಗ್ ಆರಿಸಿಕೊಂಡದ್ದು ಸುಲಭದ ನಿದರ್ಶನ. ಸಿಕ್ಕಿಕೊಂಡ ಸ್ಕ್ರೂವಿನ ಮುಂದೆ ಮನಸ್ಸಿಗೆ ಇನ್ನೂ ಹಿಂದೆ ಸರಿಯುವ ದಾರಿಯಿದೆ, ಮುರಿದ ಸ್ಟಡ್ಡಿನ ಮುಂದೆ ಅದಿಲ್ಲ. ಅದಕ್ಕಿಂತ ಹತ್ತಿರ ಬರುವ ಮಾತು ಅರಿಸ್ಟಾಟಲ್‌ನ ‘ಟಾಪಿಕ್ಸ್’ ಗ್ರಂಥದ ಮೊದಲ ಭಾಗದಲ್ಲಿದೆ: ವೈದ್ಯನು ಎಲ್ಲ ರೋಗಿಯನ್ನೂ ಗುಣಪಡಿಸಲಾರ, ಆದರೆ ತನಗೆ ಲಭ್ಯವಿರುವ ಯಾವ ಉಪಾಯವನ್ನೂ ಬಿಡದೆ ಬಳಸಿದವನಿಗೆ ಆ ವಿದ್ಯೆ ಸಾಕಷ್ಟು ಇದೆಯೆಂದೇ ಹೇಳಬೇಕು ಎಂಬುದು ಅದರ ಸಾರ. ರಾಜಕೀಯ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು ಮೋಟಾರ್‌ಸೈಕಲ್ ದುರಸ್ತಿಯ ಅಂಗಡಿ ನಡೆಸಿದ ಮ್ಯಾಥ್ಯೂ ಕ್ರಾಫರ್ಡ್, ತಮ್ಮ 2009ರ ಪುಸ್ತಕದಲ್ಲಿ ವೈದ್ಯವನ್ನೂ ದುರಸ್ತಿಯನ್ನೂ ಈ ಒಂದೇ ವರ್ಗಕ್ಕೆ ಸೇರಿಸಿದ್ದಾರೆ. ಎರಡರಲ್ಲೂ ಕೆಲಸಗಾರ ತಾನು ಮಾಡದ ವಸ್ತುವನ್ನು ಸರಿಪಡಿಸಬೇಕು, ಆದ್ದರಿಂದ ಫಲ ಪೂರ್ತಿ ಅವನ ಕೈಯಲ್ಲಿಲ್ಲ. ಫಲದ ಮೇಲೆ ಅಧಿಕಾರವಿಲ್ಲವೆಂಬ ಗೀತೆಯ ಪ್ರಸಿದ್ಧ ಉಪದೇಶವನ್ನು ಉದಾಸೀನಕ್ಕೆ ನೆಪ ಮಾಡಿಕೊಳ್ಳುವವರು ಈ ಗ್ರೀಕ್ ಮಾತನ್ನು ಪಕ್ಕದಲ್ಲಿಟ್ಟು ಓದಬೇಕು: ಫಲದ ಅಧಿಕಾರ ಇಲ್ಲದಿರುವಾಗಲೇ ಉಪಾಯಗಳನ್ನು ಒಂದೂ ಬಿಡದೆ ಬಳಸುವ ಕಟ್ಟುಪಾಡು ಬಲವಾಗುತ್ತದೆ.

ಇದೇ ಕಾರಣಕ್ಕೆ, ತುಕ್ಕು ಹಿಡಿದ ಎಕ್ಸಾಸ್ಟಿಗೆ ಕೈಹಾಕುವ ಮೊದಲೇ ಗಾಡಿಯ ಒಡೆಯನಿಗೆ ಸ್ಟಡ್ಡು ಮುರಿಯಬಹುದೆಂದು ತಿಳಿಸುವ ಗ್ಯಾರೇಜಿನ ವಾಡಿಕೆ ಬರಿಯ ವ್ಯಾಪಾರದ ಜಾಣತನವಾಗಿ ಉಳಿಯುವುದಿಲ್ಲ. ಮುರಿದ ಮೇಲೆ ಹೇಳಿದ ಕಾರಣಗಳೆಲ್ಲ, ಅವು ನಿಜವೇ ಆಗಿದ್ದರೂ, ನೆಪದಂತೆ ಕೇಳುತ್ತವೆ. ಮುರಿಯುವ ಮೊದಲು ಹೇಳಿದವು ರಾಮಾನುಜರ ದೃಷ್ಟಾಂತದ ಪಾಲುದಾರನ ಅನುಮತಿಯಂತೆ ಕ್ರಿಯೆಯ ಒಂದು ಅಂಗವಾಗುತ್ತವೆ. ಖರ್ಚು ಯಾರು ಭರಿಸಬೇಕೆಂಬ ಜಗಳ ಅಷ್ಟಕ್ಕೇ ತೀರುವುದಿಲ್ಲ, ಆದರೆ ಜಗಳದ ವಿಷಯ ಖರ್ಚಿಗೆ ಸೀಮಿತವಾಗಿ, ಪ್ರಾಮಾಣಿಕತೆ ಅದರಿಂದ ಹೊರಗುಳಿಯುತ್ತದೆ.

ತುಣುಕು ಹೊರಬಂದ ಮೇಲೂ ಕೆಲಸ ಉಳಿದಿರುತ್ತದೆ. ಹೆಡ್ಡಿನ ಥ್ರೆಡ್ಡು ಕೆಟ್ಟಿದ್ದರೆ ರಂಧ್ರವನ್ನು ದೊಡ್ಡದಾಗಿ ಕೊರೆದು, ಟ್ಯಾಪಿನಿಂದ ಹೊಸ ಥ್ರೆಡ್ಡು ಹೊಡೆದು, ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿಯೊಂದನ್ನು ಒಳಗೆ ಕೂರಿಸುತ್ತಾರೆ. ಮೆದುವಾದ ಅಲ್ಯೂಮಿನಿಯಂನಲ್ಲಿ ಹೀಗೆ ದುರಸ್ತಿಯಾದ ಥ್ರೆಡ್ಡು ಮೂಲದ್ದಕ್ಕಿಂತ ಹೆಚ್ಚು ತಾಳುವುದುಂಟು. ಹೊಸ ಸ್ಟಡ್ಡಿಗೆ ಮುಂದೆ ತುಕ್ಕು ಹಿಡಿಯದಂತೆ, ಶಾಖ ತಾಳುವ ತಾಮ್ರ ಅಥವಾ ನಿಕಲ್ ಪುಡಿಯ ಲೇಪವನ್ನು ಸವರುವುದು ವಿವೇಕಿಯ ಲಕ್ಷಣ, ಏಕೆಂದರೆ ಇದನ್ನು ಮುಂದೊಮ್ಮೆ ಬಿಚ್ಚುವವನು ಯಾರೋ ತಿಳಿಯದು, ಅವನ ಕ್ರಿಯೆಯ ಐದು ಕಾರಣಗಳಲ್ಲಿ ಈಗಿನ ಕೈಯೂ ಸೇರಿಹೋಗಿರುತ್ತದೆ. ಆದರೆ ಈ ಉಪಕಾರವೂ ನಿರಪಾಯವಲ್ಲ. ಲೇಪ ಘರ್ಷಣೆಯನ್ನು ತಗ್ಗಿಸುವುದರಿಂದ, ಒಣ ಥ್ರೆಡ್ಡಿಗೆಂದು ಕೈಪಿಡಿಯಲ್ಲಿ ಕೊಟ್ಟ ಅಂಕಿಯವರೆಗೇ ರೆಂಚ್ ತಿರುಗಿಸಿದರೆ ಸ್ಟಡ್ಡು ಉದ್ದೇಶಿಸಿದ್ದಕ್ಕಿಂತ ಕಾಲು ಭಾಗವೋ ಮೂರನೇ ಒಂದು ಭಾಗವೋ ಹೆಚ್ಚು ಬಲಕ್ಕೆ ಒಳಗಾಗಿ, ಮುಂದಿನವನ ಕೆಲಸ ಹಗುರವಾಗಲೆಂದು ಸವರಿದ ಲೇಪವೇ ಮಿತಿಮೀರಿದ ಹಿಗ್ಗಿಗೆ ಕಾರಣವಾಗಬಹುದು. ಆದ್ದರಿಂದ ಕೈಪಿಡಿಯ ಅಂಕಿ ಒಣ ಥ್ರೆಡ್ಡಿನದೋ ಲೇಪ ಹಾಕಿದ್ದರದೋ ಎಂದು ಓದಿ ನೋಡಿ, ಒಣ ಥ್ರೆಡ್ಡಿನದಾಗಿದ್ದರೆ ಅದನ್ನು ತಕ್ಕಷ್ಟು ತಗ್ಗಿಸಿಯೇ ಬಿಗಿಯಬೇಕಾಗುತ್ತದೆ.